ಕಂಬ ಕಾಣಿಸಿತು, ತಂತಿ ಕಾಣಿಸಲಿಲ್ಲ

ಇಪ್ಪತ್ತಾರು ದಿನ ನೆಲದ ಮೇಲಿದ್ದ ನಮ್ಮ ಗುಂಪಿನ ಡ್ರೋನ್‌ಗಳು ಮೊನ್ನೆ ಭಾನುವಾರ ಮತ್ತೆ ಮೇಲೇರಿದವು. ಅವು ಕೆಟ್ಟು ನಿಂತದ್ದಲ್ಲ, ಯಾವ ಅಧಿಕಾರಿಯೂ ಬಂದು ನಿಲ್ಲಿಸಿದ್ದಲ್ಲ. ಹನ್ನೊಂದು ಮಂದಿ ನಮ್ಮ ಮನೆಯ ಜಗುಲಿಯಲ್ಲಿ ಕೂತು, ಎರಡು ಸುತ್ತು ಕಾಫಿ ಕುಡಿದು, ಕೊಂಚ ಜಗಳವಾಡಿ, ಕೆಲವರು ಅರ್ಧ ಮನಸ್ಸಿನಿಂದ ಒಪ್ಪಿ, ನಾವಾಗಿಯೇ ನಿಲ್ಲಿಸಿದ್ದು. ನಿಲ್ಲಿಸಿದ ದಿನದಿಂದ ಪರಿಚಿತರು ಕೇಳುತ್ತಿರುವ ಪ್ರಶ್ನೆ ಒಂದೇ: ಯಾರಿಗೂ ಏನೂ ಆಗಲಿಲ್ಲವಲ್ಲ, ಮತ್ತೆ ಏಕೆ ನಿಲ್ಲಿಸಿದಿರಿ? ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಹೇಳಿ ಸಾಕಾಗಿದೆಯಾದ್ದರಿಂದ ಇಲ್ಲಿ ಒಮ್ಮೆಗೇ ಬರೆಯುತ್ತಿದ್ದೇನೆ.

ಗುಂಪಿನ ಬಗ್ಗೆ ನಾಲ್ಕು ಮಾತು ಮೊದಲು ಹೇಳಬೇಕು. ನಾನು ಮಂಡ್ಯದಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕನಾಗಿದ್ದು ನಿವೃತ್ತನಾದವನು. ಉಳಿದವರಲ್ಲಿ ಐವರು ಮದುವೆ ವಿಡಿಯೊ ತೆಗೆಯುವವರು, ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಬ್ಬರು ಸರ್ವೇಯರ್, ಇನ್ನೊಬ್ಬರು ಭತ್ತ ಮತ್ತು ಕಬ್ಬಿನ ಗದ್ದೆಗಳಿಗೆ ಡ್ರೋನ್‌ನಲ್ಲಿ ಔಷಧಿ ಹೊಡೆಯುವ ಪಾಂಡವಪುರದ ರೈತರು. ಹನ್ನೆರಡನೆಯವರಾಗಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ಅವರು ಡ್ರೋನ್ ಮುಟ್ಟುವುದಿಲ್ಲ, ಲೆಕ್ಕಪತ್ರ ನೋಡುತ್ತಾರೆ. ನಾಲೆಗೋ ಹೊಳೆಗೋ ಯಾರಾದರೂ ಬಿದ್ದರೆ, ವಯಸ್ಸಾದವರು ದಾರಿ ತಪ್ಪಿ ಕಬ್ಬಿನ ಗದ್ದೆಯೊಳಗೆ ಸೇರಿಕೊಂಡರೆ, ನೆರೆಯಲ್ಲಿ ತೋಟದ ಮನೆಯೊಂದು ನಡುಗಡ್ಡೆಯಾದರೆ ಊರಿನವರೋ ಠಾಣೆಯವರೋ ಫೋನ್ ಮಾಡುತ್ತಾರೆ, ನಾವು ಹೋಗುತ್ತೇವೆ. ಪೆಟ್ರೋಲಿನ ಖರ್ಚೂ ನಮ್ಮದೇ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಸತ್ತವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ದಿನ ದಂಡೆಯ ಮೇಲೆ ಏನೂ ಮಾಡಲಾಗದೆ ನಿಂತಿದ್ದವರಲ್ಲಿ ಇಬ್ಬರು ಮುಂದೆ ಈ ಗುಂಪನ್ನು ಕಟ್ಟಿದರು. ಹೀಗಾಗಿ ನಮ್ಮಲ್ಲಿ ಕರೆ ಬಂತೆಂದರೆ ಹೋಗಬೇಕು ಎಂಬುದಷ್ಟೇ ನಿಯಮವಾಗಿತ್ತು. ಯಾವಾಗ ಹೋಗಬಾರದು, ಹೋದ ಮೇಲೆ ಯಾವಾಗ ಸಾಕು ಮಾಡಬೇಕು ಎಂಬುದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಜೂನ್ ತಿಂಗಳ ಒಂದು ಸಂಜೆ ನಾಲೆಯ ದಂಡೆಯ ಮೇಲೆ ಒಂದು ಬೈಕು, ಅದರ ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ ಸಿಕ್ಕಿವೆ ಎಂದು ಕರೆ ಬಂತು. ನಾವು ಮೂವರು ಹೋದೆವು. ಯುವಕನ ತಂದೆ ದಂಡೆಯ ಮೇಲೆ ಟವೆಲು ಹಾಸಿಕೊಂಡು, ನೀರಿನ ಕಡೆಗೆ ನೋಡದೆ, ರಸ್ತೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಮದ್ದೂರಿನ ಹುಡುಗ ಹಾರಿಸುತ್ತಿದ್ದ, ನಾನು ಅವನ ಹೆಗಲ ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಗಂಟೆ ಆರೂ ಮುಕ್ಕಾಲು ದಾಟಿತ್ತು, ಮೋಡ ಕವಿದಿತ್ತು, ಮೂರನೆಯ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಸಾರ್, ಬ್ಯಾಟ್ರಿ ಇಪ್ಪತ್ತೆಂಟೈತೆ, ಬೆಳಕೂ ಹೋಯ್ತು. ಸಾಕಾ?"

ನಾನು ಹೇಳಿದ್ದು ಇಷ್ಟು: "ಆ ತೂಬಿನ ತನಕ ಇನ್ನೊಂದು ಸುತ್ತು ನೋಡ್ಬಿಡಪ್ಪ."

ನೀರಿನ ಅಂಚು ಸರಿಯಾಗಿ ಕಾಣಲೆಂದು ಅವನು ಡ್ರೋನನ್ನು ಇನ್ನಷ್ಟು ಕೆಳಗಿಳಿಸಿದ. ತೂಬಿಗೆ ಸ್ವಲ್ಪ ಮೊದಲು, ಪಂಪ್‌ಸೆಟ್ಟಿಗೆಂದು ನಾಲೆಯ ಆಚೆಗೆ ಎಳೆದ ತಂತಿಯೊಂದಿದೆ. ವೀಣೆಯ ತಂತಿ ಮಿಡಿದಂಥ ಒಂದು ಸಣ್ಣ ಸದ್ದು ಕೇಳಿತು, ಪರದೆಯ ಮೇಲೆ ಆಕಾಶ ಎರಡು ಸಲ ಗಿರ್ರನೆ ತಿರುಗಿತು, ಆಮೇಲೆ ಹುಲ್ಲು ಕಂಡಿತು. ಡ್ರೋನ್ ಬಿದ್ದದ್ದು ಆ ತಂದೆ ಕೂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ. ನಾವು ಓಡಿ ಹೋಗುವಷ್ಟರಲ್ಲಿ ಅವರೇ ಅದನ್ನು ಎತ್ತಿಕೊಂಡು, ಹಾಸಿಕೊಂಡಿದ್ದ ಟವೆಲಿನಿಂದ ಕೆಸರು ಒರೆಸಿ, "ನಿಮ್ದು ಬಿತ್ತು, ತಗಳಿ" ಎಂದು ಕೈಗೆ ಕೊಟ್ಟರು. ಒಂದು ರೆಕ್ಕೆ ಮುರಿದಿತ್ತು, ಇನ್ನೊಂದು ಬುಡದಲ್ಲಿ ಸೀಳಿತ್ತು. ಮುಕ್ಕಾಲು ಕೆಜಿಗೂ ಮಿಕ್ಕಿದ ಯಂತ್ರ ನಲವತ್ತಡಿ ಮೇಲಿಂದ ತಲೆಯ ಮೇಲೆ ಬಿದ್ದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಲು ಪಾಲಿಟೆಕ್ನಿಕ್ ಬೇಕಾಗಿಲ್ಲ. ಹುಡುಗನ ಮುಖ ಬಿಳಿಚಿತ್ತು. "ಕಂಬ ಕಾಣಿಸ್ತು ಸಾರ್, ತಂತಿ ಕಾಣ್ಲಿಲ್ಲ" ಎಂದಷ್ಟೇ ಹೇಳಿದ.

ಕಾಣೆಯಾಗಿದ್ದ ಯುವಕ ನಾಲೆಗೆ ಬಿದ್ದಿರಲೇ ಇಲ್ಲ. ಮನೆಯಲ್ಲಿ ಜಗಳವಾಡಿಕೊಂಡು ಬೆಂಗಳೂರಿನ ಸ್ನೇಹಿತನ ರೂಮಿಗೆ ಹೋಗಿದ್ದವನು ಮೂರನೆಯ ದಿನ ತಾನಾಗಿಯೇ ಫೋನ್ ಮಾಡಿದ. ಸಂತೋಷವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬಾರದಿದ್ದುದು ಆ ಯುವಕನ ಚಿಂತೆಯಿಂದಲ್ಲ. ಹಾರಿಸುತ್ತಿದ್ದವನು ಸಾಕೇ ಎಂದು ಕೇಳಿದ್ದ, ಸಾಲದು ಎಂದವನು ನಾನು. ಅವನು ಇಪ್ಪತ್ತಮೂರರ ಹುಡುಗ, ನನ್ನನ್ನು ಮೇಷ್ಟ್ರೆಂದೇ ಕಾಣುವವನು. ನಾನು ಇನ್ನೊಂದು ಸುತ್ತು ಎಂದ ಮೇಲೆ ಅವನು ಆಗುವುದಿಲ್ಲ ಎನ್ನುವುದಾದರೂ ಹೇಗೆ?

ಮಾರನೆಯ ದಿನ ನನಗೆ ನೆನಪಾದದ್ದು ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇಯ ಅಂಚು ದಾಟಿ ಕಣಿವೆಗೆ ಜಾರಿ 158 ಮಂದಿ ಸತ್ತದ್ದು ಕರ್ನಾಟಕದಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು, ಸಹಪೈಲಟ್ ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಕರೆದು ಹೇಳಿದ್ದರು, ಯಂತ್ರದ ಎಚ್ಚರಿಕೆಯೂ ಕೂಗುತ್ತಿತ್ತು, ಆದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ ಎಂಬುದು ತನಿಖೆಯಲ್ಲಿ ಕಂಡುಬಂದ ಸಂಗತಿ. ಒಂದು ಸಣ್ಣ ಡ್ರೋನಿಗೂ ಆ ವಿಮಾನಕ್ಕೂ ಹೋಲಿಕೆಯೇ ಎಂದು ನಗುವವರು ನಗಲಿ. ಕಿರಿಯನು ಸಾಕು ಎಂದಾಗ ಹಿರಿಯನ ಕಿವಿಗೆ ಅದು ಬೀಳದೆ ಹೋಗುವ ರೀತಿ ಎರಡೂ ಕಡೆ ಒಂದೇ.

ಎರಡು ದಿನ ಬಿಟ್ಟು ಎಲ್ಲರನ್ನೂ ಮನೆಗೆ ಕರೆದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ, ತಪ್ಪು ಹುಡುಗನದಲ್ಲ ನನ್ನದು ಎಂದೂ ಹೇಳಿದೆ, ಕೆಲವು ವಾರ ಹಾರಾಟ ನಿಲ್ಲಿಸೋಣ ಎಂದೆ. ಮೊದಲು ಬಂದ ಮಾತು ತಮಾಷೆಯದು. "ಆಷಾಢದಲ್ಲಿ ಮದ್ವೆನೂ ಇಲ್ಲ, ಡ್ರೋನ್ ಹೆಂಗೂ ಬೀರುವಿನಲ್ಲೇ ಇರ್ತದೆ, ನಿಲ್ಸೋದೇನು ದೊಡ್ಡ ತ್ಯಾಗ ಸಾರ್?" ಎಂದು ವಿಡಿಯೊ ತೆಗೆಯುವವರಲ್ಲೊಬ್ಬರು ನಕ್ಕರು. ಎರಡನೆಯ ಮಾತು ತಮಾಷೆಯದಾಗಿರಲಿಲ್ಲ. ಸರ್ವೇಯರ್ ಕೇಳಿದರು: "ಯಂತ್ರದಲ್ಲಿ ದೋಷ ಇದ್ರೆ ನಿಲ್ಸೋದು ಸರಿ. ಇಲ್ಲಿ ಯಾವ ಪಾರ್ಟೂ ಕೆಟ್ಟಿಲ್ಲ. ಏನು ರಿಪೇರಿ ಮಾಡೋಕೆ ನಿಲ್ಸಬೇಕು?"

ಒಳ್ಳೆಯ ಪ್ರಶ್ನೆ. ನಮ್ಮ ದೇಶದಲ್ಲಿ ಹಾರಾಟ ನಿಲ್ಲಿಸಿದ ಸುದ್ದಿ ಕೇಳಿದಾಗಲೆಲ್ಲ ಅದರ ಹಿಂದೆ ಒಂದು ಬಿಡಿಭಾಗ ಇರುತ್ತದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತಾಗ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಆ ಜಾತಿಯ ಹೆಲಿಕಾಪ್ಟರುಗಳೆಲ್ಲ ನೆಲ ಹಿಡಿದವು, ಮೇಲಿನ ರೆಕ್ಕೆಗಳ ಓರೆಯನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗದ ಕಡೆಗೆ ತನಿಖೆ ತಿರುಗಿತು. ಇಂಥ ನಿಲುಗಡೆ ಯಾರಿಗೂ ಅರ್ಥವಾಗುತ್ತದೆ. ಭಾಗ ಬದಲಾಯಿಸಿದ ದಿನ ಮತ್ತೆ ಹಾರಬಹುದು. ಇನ್ನೊಂದು ಬಗೆಯ ನಿಲುಗಡೆಯೂ ಉಂಟು. 2023ರ ಮಾರ್ಚ್ 29ರಂದು ಅಮೆರಿಕದ ಕೆಂಟಕಿಯಲ್ಲಿ ಸೇನೆಯ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳು ರಾತ್ರಿ ತರಬೇತಿಯಲ್ಲಿ ಢಿಕ್ಕಿ ಹೊಡೆದು ಒಂಬತ್ತು ಮಂದಿ ಸತ್ತರು. ಏಪ್ರಿಲ್ 27ರಂದು ಅಲಾಸ್ಕದಲ್ಲಿ ಎರಡು ಅಪಾಚೆ ಹೆಲಿಕಾಪ್ಟರುಗಳು ಢಿಕ್ಕಿಯಾಗಿ ಮೂವರು ಸತ್ತರು. ಮರುದಿನವೇ ಅಲ್ಲಿನ ಸೇನಾ ಮುಖ್ಯಸ್ಥರು, ಅತ್ಯಗತ್ಯ ಕಾರ್ಯದಲ್ಲಿ ಇಲ್ಲದ ಪೈಲಟ್‌ಗಳೆಲ್ಲ ಸುರಕ್ಷತೆಯ ತರಬೇತಿ ಮುಗಿಸುವ ತನಕ ಹಾರುವಂತಿಲ್ಲ ಎಂದು ಆಜ್ಞೆ ಮಾಡಿದರು. ತರಬೇತಿ ಎಂದರೆ ತಿಂಗಳುಗಟ್ಟಲೆ ಅಲ್ಲ, ನಾಲ್ಕರಿಂದ ಆರು ಗಂಟೆ. ಅಲ್ಲಿ ನಿಂತದ್ದು ಹೆಲಿಕಾಪ್ಟರ್ ಅಲ್ಲ, ಅದನ್ನು ಹಾರಿಸುವವರು. ಇವೆಲ್ಲವನ್ನೂ ಸರ್ವೇಯರಿಗೆ ಹೇಳಿದ ಮೇಲೆ ಅವರು ಒಂದು ನಿಮಿಷ ಸುಮ್ಮನಿದ್ದು, "ಅವರಿಗೆ ಸಂಬಳ ಬರ್ತದೆ ಸಾರ್, ಆಜ್ಞೆ ಮಾಡಿದ್ರೆ ಕೇಳ್ತಾರೆ" ಎಂದರು.

ಸಂಬಳದ ಆ ಮಾತು ನನ್ನನ್ನು ಇಡೀ ವಾರ ಕಾಡಿತು. ಸ್ವಯಂಸೇವಕನಿಗೆ ಯಾರೂ ಆಜ್ಞೆ ಮಾಡಲಾರರು. ಅವನು ಬಂದದ್ದೇ ಪ್ರೀತಿಯಿಂದ, ಹೋಗಬೇಡ ಎಂದರೆ ಅವಮಾನವೆನ್ನಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಿಟ್ಟಿ ಕೆಲಸ ಮಾಡುವವನು ತನಗೆ ತಾನೇ ಒಂದಿಷ್ಟು ರಿಯಾಯಿತಿ ಕೊಟ್ಟುಕೊಂಡುಬಿಡುತ್ತಾನೆ. ಪುಣ್ಯದ ಕೆಲಸಕ್ಕೆ ಬಂದಿದ್ದೇವೆ, ಬ್ಯಾಟರಿ ಸ್ವಲ್ಪ ಕಡಿಮೆಯಿದ್ದರೇನು, ಕತ್ತಲಾಗಿದ್ದರೇನು, ದೇವರು ನೋಡಿಕೊಳ್ಳುತ್ತಾನೆ ಎಂಬ ಭಾವ. ಮದುವೆ ಮಂಟಪದಲ್ಲಿ ಇಂಥ ಧೈರ್ಯವನ್ನು ನಮ್ಮ ಹುಡುಗರು ತೋರುವುದಿಲ್ಲ, ಏಕೆಂದರೆ ಅಲ್ಲಿ ದುಡ್ಡು ಕೊಟ್ಟವರು ಕೇಳುತ್ತಾರೆ.

ಕಾನೂನೂ ನಮ್ಮನ್ನು ಕೇಳುವುದಿಲ್ಲ, ಅಥವಾ ಬಹಳ ಕಡಿಮೆ ಕೇಳುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿನಿಂದ 2 ಕೆಜಿವರೆಗಿನದು ಮೈಕ್ರೊ ಡ್ರೋನ್. ಅದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವನಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಾಗಿಲ್ಲ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಬಯಲಿನಲ್ಲಿ 400 ಅಡಿಯವರೆಗೆ ಅನುಮತಿಯೂ ಬೇಡ. ಔಷಧಿ ಹೊಡೆಯುವ ನಮ್ಮ ಪಾಂಡವಪುರದ ರೈತರ ಡ್ರೋನ್ ಭಾರದ್ದು, ಅವರು ತರಬೇತಿ ಪಡೆದು ಪರೀಕ್ಷೆ ಕೊಟ್ಟು ಪ್ರಮಾಣಪತ್ರ ತೆಗೆದುಕೊಂಡಿದ್ದಾರೆ. ಉಳಿದವರಲ್ಲಿ ವಿಡಿಯೊದವರು ಪರೀಕ್ಷೆ ಕೊಟ್ಟಿರುವುದು ಹೊಟ್ಟೆಪಾಡಿಗಾಗಿ. ಸೇವೆಗೆಂದು ಬಂದ ವಿದ್ಯಾರ್ಥಿಗಳನ್ನೂ ನನ್ನನ್ನೂ ಯಾರೂ ಏನೂ ಕೇಳಿಲ್ಲ. ನಿಯಮ ಸಡಿಲವಾಗಿದೆ ಎಂದು ದೂರುತ್ತಿಲ್ಲ, ಆಟಕ್ಕೆ ಹಾರಿಸುವವನಿಗೆ ಅಷ್ಟು ಸಾಕು. ಆದರೆ ನಾವು ಹಾರಿಸುವುದು ಬಯಲಿನಲ್ಲಿ ಆಟಕ್ಕಲ್ಲ, ದುಃಖದಲ್ಲಿರುವ ಜನ ಗುಂಪುಗೂಡಿದ ಕಡೆ, ಅವರ ತಲೆಯ ಮೇಲೆ.

ಸ್ವಯಂಸೇವಕ ಪೈಲಟ್‌ಗಳನ್ನು ಬಿಗಿಯಾದ ಕಟ್ಟಿಗೆ ಒಳಪಡಿಸಲು ಸಾಧ್ಯವೇ ಎಂದು ಹುಡುಕಿದಾಗ ಸಿಕ್ಕಿದ್ದು ಅಮೆರಿಕದ ಸಿವಿಲ್ ಏರ್ ಪೆಟ್ರೋಲ್. ಪರ್ಲ್ ಹಾರ್ಬರ್ ದಾಳಿಗೆ ಆರು ದಿನ ಮೊದಲು, 1941ರ ಡಿಸೆಂಬರ್ 1ರಂದು ಹುಟ್ಟಿದ ಸಂಸ್ಥೆ ಅದು. ಸ್ವಂತ ಸಣ್ಣ ವಿಮಾನ ಇದ್ದವರು ಯುದ್ಧಕಾಲದಲ್ಲಿ ಕಡಲ ತೀರದುದ್ದಕ್ಕೂ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕುತ್ತ ಹಾರಿದರು. 1948ರಿಂದ ಅದು ಅಲ್ಲಿನ ವಾಯುಪಡೆಯ ಸಹಾಯಕ ಸಂಸ್ಥೆ. ಐನೂರಕ್ಕೂ ಹೆಚ್ಚು ವಿಮಾನಗಳಿವೆ, ಬಹುಪಾಲು ಒಂದೇ ಎಂಜಿನ್ನಿನ ಸೆಸ್ನಾಗಳು, ಹಾರಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಕಾಣೆಯಾದ ವಿಮಾನ, ಕಾಣೆಯಾದ ಮನುಷ್ಯರನ್ನು ಹುಡುಕುವುದು ಅವರ ಮುಖ್ಯ ಕೆಲಸಗಳಲ್ಲೊಂದು. ಅಲ್ಲಿಯೂ ಅಪಘಾತಗಳಾಗುತ್ತವೆ. 2024ರ ನವೆಂಬರ್ 23ರಂದು ಕೊಲೊರಾಡೊದ ಬೆಟ್ಟಗಳಲ್ಲಿ ಅವರದೊಂದು ವಿಮಾನ ತರಬೇತಿ ಹಾರಾಟದಲ್ಲಿದ್ದಾಗ ಬಿದ್ದು ಇಬ್ಬರು ಸತ್ತು ಒಬ್ಬರು ತೀವ್ರವಾಗಿ ಗಾಯಗೊಂಡರು. ಅವರ ಪದ್ಧತಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಪೈಲಟ್ ಎಷ್ಟೇ ಅನುಭವಿಯಾಗಿರಲಿ, ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡು ಹೊರಡುವಂತಿಲ್ಲ. ಆ ವಿಮಾನದಲ್ಲಿ ಇಲ್ಲದ ಇನ್ನೊಬ್ಬರು, ಎಲ್ಲೋ ದೂರದಲ್ಲಿ ಕೂತವರು, ಹವಾಮಾನವೇನು, ಯಾರಿದ್ದೀರಿ, ಅಪಾಯವೇನು ಎಂದು ಕೇಳಿ, ಹೊರಡಬಹುದು ಎಂದ ಮೇಲೆಯೇ ಹೊರಡಬೇಕು.

ಇದನ್ನು ಎರಡನೆಯ ಸಭೆಯಲ್ಲಿ ಹೇಳಿದಾಗ ಎಲ್ಲರ ಕಣ್ಣೂ ಲೆಕ್ಕಪತ್ರದ ಮೇಡಂ ಕಡೆಗೆ ಹೋಯಿತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ನಂಗೆ ಹಾರ್ಸಕ್ಕೆ ಬರಲ್ಲ, ಆದ್ರೆ ಮಕ್ಕಳು ಸುಳ್ಳು ಹೇಳಿದ್ರೆ ಗೊತ್ತಾಗತ್ತೆ" ಎಂದರು. ಅಷ್ಟು ಸಾಕಾಗಿತ್ತು.

ಆದರೂ ಒಂದು ಆಕ್ಷೇಪ ಉಳಿದಿತ್ತು, ಅದನ್ನೆತ್ತಿದವನು ಮದ್ದೂರಿನ ಹುಡುಗನೇ. ಈ ದಿನಗಳಲ್ಲಿ ಯಾರಾದರೂ ನಿಜವಾಗಿಯೂ ನೀರಿಗೆ ಬಿದ್ದರೆ? ನಮ್ಮ ಕೈಯಲ್ಲಿ ಡ್ರೋನ್ ಇದ್ದೂ ಹೋಗದಿದ್ದರೆ? ಇದಕ್ಕೆ ಸಲೀಸಾದ ಉತ್ತರ ನನ್ನಲ್ಲಿರಲಿಲ್ಲ, ಈಗಲೂ ಇಲ್ಲ. ಗುಂಪು ಶುರುವಾದಾಗಿನಿಂದ ಇಲ್ಲಿಯವರೆಗೆ ನಾವು ಹೋದ ಕರೆಗಳಲ್ಲಿ ಹುಡುಕುತ್ತಿದ್ದವರನ್ನು ನಾವೇ ಮೊದಲು ಕಂಡದ್ದು ಎರಡೇ ಸಲ: ಒಮ್ಮೆ ಕಬ್ಬಿನ ಗದ್ದೆಯಲ್ಲಿ ಬಿದ್ದಿದ್ದ ಅಜ್ಜಿ, ಜೀವ ಇತ್ತು, ಇನ್ನೊಮ್ಮೆ ಹೊಳೆಯ ಮಳಲಿನ ದಿಬ್ಬದ ಮೇಲೆ ಒಂದು ಹೆಣ. ಮಿಕ್ಕ ಎಲ್ಲ ಸಲವೂ ಅಗ್ನಿಶಾಮಕ ದಳದವರು, ಮುಳುಗು ತಜ್ಞರು, ತೆಪ್ಪದವರು ಕೆಲಸ ಮುಗಿಸಿದರು, ನಾವು ಮೇಲಿಂದ ನೋಡಿದೆವು. ಈ ಲೆಕ್ಕವನ್ನು ಹೇಳಿದಾಗ ಹುಡುಗನ ಮುಖ ಸಪ್ಪಗಾಯಿತು, ನನ್ನದೂ. ಆದರೆ ಆ ಅಜ್ಜಿಯನ್ನು ನೆನೆದರೆ ನಿಲ್ಲಿಸಿದ್ದು ಸರಿ ಎಂದು ಎದೆ ತಟ್ಟಿ ಹೇಳಲೂ ಆಗುವುದಿಲ್ಲ. ಕೊನೆಗೆ ಠಾಣೆಗೂ ಅಗ್ನಿಶಾಮಕ ಠಾಣೆಗೂ ಹೋಗಿ, ಇಂಥ ದಿನದವರೆಗೆ ನಾವು ಬರುವುದಿಲ್ಲ, ಅವಲಂಬಿಸಬೇಡಿ ಎಂದು ತಿಳಿಸಿ ಬಂದೆವು. ಆ ಇಪ್ಪತ್ತಾರು ದಿನಗಳಲ್ಲಿ ನಮಗೆ ಕರೆ ಬರಲಿಲ್ಲ. ಬಂದಿದ್ದರೆ ಈ ಬರಹ ಬೇರೆ ರೀತಿ ಇರುತ್ತಿತ್ತೇನೋ.

ಮೊದಲ ಭಾನುವಾರ ಬ್ಯಾಟರಿಗಳದ್ದು. ಎಲ್ಲರೂ ತಂತಮ್ಮ ಬ್ಯಾಟರಿಗಳನ್ನು ತಂದು ನಮ್ಮ ಊಟದ ಮೇಜಿನ ಗಾಜಿನ ಮೇಲೆ ಸಾಲಾಗಿ ಇಟ್ಟರು. ಮಟ್ಟಸವಾದ ಗಾಜಿನ ಮೇಲೆ ಬ್ಯಾಟರಿಯನ್ನು ಅಂಗಾತ ಇಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿದರೆ, ಸರಿಯಾದದ್ದು ಕೂತಲ್ಲೇ ಕೂರುತ್ತದೆ. ಉಬ್ಬಿದ್ದು ಬುಗುರಿಯಂತೆ ಸುತ್ತುತ್ತದೆ. ಮೊದಲನೆಯದು ಸುತ್ತಿದಾಗ ಎಲ್ಲರೂ ನಕ್ಕರು. ಆರನೆಯದು ಸುತ್ತುವಷ್ಟರಲ್ಲಿ ನಗು ನಿಂತಿತ್ತು. ಕಾರಣ ಆಷಾಢದಲ್ಲೇ ಇತ್ತು. ಮದುವೆ ಕಾಲದಲ್ಲಿ ನಾಳೆಗೆ ಬೇಕೆಂದು ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿಡುವ ಅಭ್ಯಾಸ. ಮದುವೆಗಳು ನಿಂತ ಮೇಲೂ ಅದೇ ಅಭ್ಯಾಸದಲ್ಲಿ ಪೂರ್ತಿ ತುಂಬಿಸಿ ಬೀರುವಿನಲ್ಲಿಟ್ಟದ್ದು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಬಹಳ ದಿನ ಇಡಬೇಕಾದರೆ ಸುಮಾರು ಅರ್ಧದಷ್ಟು, ಅಂದರೆ ಒಂದೊಂದು ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿ ಇರುವಂತೆ ಇಡಬೇಕು. 4.2ಕ್ಕೆ ತುಂಬಿ ಇಟ್ಟರೆ ಒಳಗೆ ಅನಿಲ ಕಟ್ಟಿ ಉಬ್ಬುತ್ತದೆ, ಆಮೇಲೆ ಪರದೆ ಮೂವತ್ತು ಎಂದು ತೋರಿಸುತ್ತಿರುವಾಗಲೇ ಒಮ್ಮೆಲೇ ಕುಸಿಯುತ್ತದೆ. ಆ ಸಂಜೆ ನಾಲೆಯ ಮೇಲಿದ್ದ ಇಪ್ಪತ್ತೆಂಟು ಎಂಥ ಇಪ್ಪತ್ತೆಂಟು ಎಂದು ನೋಡಲು ಅದೇ ಬ್ಯಾಟರಿಯನ್ನು ಗಾಜಿನ ಮೇಲಿಟ್ಟೆವು. ಅದೂ ಸುತ್ತಿತು.

ಉಬ್ಬಿದವನ್ನೆಲ್ಲ ಪಕ್ಕಕ್ಕೆ ತೆಗೆದೆವು. ಹೊಸದು ಕೊಳ್ಳಲು ದುಡ್ಡಿಲ್ಲದ ಇಬ್ಬರು ವಿದ್ಯಾರ್ಥಿಗಳು ಈಗ ಹಾರಿಸುವವರ ಪಟ್ಟಿಯಲ್ಲಿಲ್ಲ, ನೋಡುವವರ ಪಟ್ಟಿಯಲ್ಲಿದ್ದಾರೆ.

ಗಾಳಿ, ಹದ್ದು, ಡ್ರೋನ್ ತಾನಾಗಿಯೇ ಹಿಂದಿರುಗುವಾಗ ಇರಬೇಕಾದ ಎತ್ತರ, ಸೇತುವೆಯ ಕಬ್ಬಿಣದ ಬಳಿ ದಿಕ್ಸೂಚಿ ತಪ್ಪುವುದು, ಇವನ್ನೆಲ್ಲ ಇನ್ನೊಂದು ಮಧ್ಯಾಹ್ನ ಮಾತನಾಡಿ ಮುಗಿಸಿದೆವು. ನಮ್ಮ ಡ್ರೋನ್‌ಗಳು ತಡೆಯುವುದು ಸೆಕೆಂಡಿಗೆ ಹತ್ತು ಮೀಟರ್ ಆಸುಪಾಸಿನ ಗಾಳಿಯನ್ನಷ್ಟೆ, ಆಷಾಢದ ಗಾಳಿಗೆ ಆ ಮಿತಿ ಏನೇನೂ ಅಲ್ಲ. ತಂತಿಯ ಮಾತು ಮಾತ್ರ ಮಾತಿನಲ್ಲಿ ಮುಗಿಯಲಿಲ್ಲ. ಎದುರಿನ ಅಡ್ಡಿಯನ್ನು ನೋಡಿ ನಿಲ್ಲುವ ಕ್ಯಾಮೆರಾ ಕಣ್ಣುಗಳು ಡ್ರೋನಿಗಿವೆ ಎಂದು ಹುಡುಗರು ನಂಬಿದ್ದರು. ಗೋಡೆಯನ್ನೂ ಮರವನ್ನೂ ಅವು ಗುರುತಿಸುತ್ತವೆ, ತೆಳುವಾದ ತಂತಿಯನ್ನು ಗುರುತಿಸುವುದಿಲ್ಲ, ಬೆಳಕು ಕಡಿಮೆಯಾದರೆ ಗೋಡೆಯನ್ನೂ ಗುರುತಿಸುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಎಲ್ಲರೂ ಡ್ರೋನ್ ಇಲ್ಲದೆ, ಬರಿಗೈಯಲ್ಲಿ, ನಾಲೆಯ ದಂಡೆಯ ಮೇಲೆ ನಡೆದೆವು. ಎಲ್ಲೆಲ್ಲಿ ತಂತಿ ನಾಲೆ ದಾಟುತ್ತದೆ ಎಂದು ಸರ್ವೇಯರ್ ನಕ್ಷೆಯಲ್ಲಿ ಗುರುತು ಹಾಕುತ್ತ ಬಂದರು. ಇದೇ ದಾರಿಯಲ್ಲಿ ಎಷ್ಟೋ ಸಲ ಡ್ರೋನ್ ಹಾರಿಸಿದ್ದೇವೆ, ಒಮ್ಮೆಯೂ ಹೀಗೆ ಮೇಲೆ ನೋಡುತ್ತ ನಡೆದಿರಲಿಲ್ಲ.

ಇನ್ನು ಪುಸ್ತಕದ ವಿಷಯ. ನಿಲುಗಡೆಯ ದಿನಗಳಲ್ಲಿ ಮಾಡಿದ್ದರಲ್ಲೆಲ್ಲ ನನಗೆ ಬಹಳ ಮುಖ್ಯವೆನ್ನಿಸಿದ್ದು ಇದೇ, ಅದರ ಹಿಂದೆಯೂ ಒಂದು ಹಳೆಯ ಕಥೆಯಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯಬೇಕಿದ್ದ ಟಿಡಬ್ಲ್ಯುಎ ಕಂಪನಿಯ ಬೋಯಿಂಗ್ 727 ವಿಮಾನವು ವರ್ಜೀನಿಯದ ಬೆಟ್ಟವೊಂದಕ್ಕೆ ಬಡಿದು 92 ಮಂದಿಯೂ ಸತ್ತರು. ನಿಯಂತ್ರಣ ಕೊಠಡಿಯ ಅನುಮತಿಯನ್ನು ಪೈಲಟ್‌ಗಳು ಬೇರೆ ರೀತಿ ಅರ್ಥ ಮಾಡಿಕೊಂಡು ಬೇಗ ಕೆಳಗಿಳಿದಿದ್ದರು. ಆಮೇಲೆ ತಿಳಿದದ್ದೇನೆಂದರೆ, ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಹೇಳಿತ್ತು, ಬೇರೆಯವರಿಗೆ ಅದು ತಲುಪಿರಲಿಲ್ಲ. ಇದಾದ ಮೇಲೆ ಅಲ್ಲಿ, ಪಾರಾದವರು ತಮ್ಮ ತಪ್ಪನ್ನು ಹೆಸರು ಹೊರಬೀಳದಂತೆ ಬರೆದು ಕಳುಹಿಸುವ ಏರ್ಪಾಡು ಹುಟ್ಟಿತು. ದಂಡ ಹಾಕುವ ಇಲಾಖೆಯೇ ಪತ್ರ ತೆರೆದರೆ ಯಾರು ತಾನೇ ಬರೆದಾರು? ಅದಕ್ಕೇ 1976ರಿಂದ ಆ ಕೆಲಸವನ್ನು ನಾಸಾಕ್ಕೆ ಒಪ್ಪಿಸಿದರು.

ನಾವು ತಂದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್. ಮೇಡಂ ಅದಕ್ಕೆ ಬೈಂಡು ಹಾಕಿಸಿ, ಮೇಲೆ ದುಂಡಗಿನ ಅಕ್ಷರದಲ್ಲಿ "ಕೂದಲೆಳೆ" ಎಂದು ಬರೆದರು. ಹೆಸರು ಹಾಕಬೇಕಾಗಿಲ್ಲ, ದಿನಾಂಕ ನೆನಪಿದ್ದರೆ ಸಾಕು, ಜಾಗ ಮತ್ತು ನಡೆದದ್ದು ಮುಖ್ಯ. ಪುಸ್ತಕ ಅವರ ಮನೆಯ ವರಾಂಡದಲ್ಲಿ ಒಂದು ವಾರ ಇತ್ತು, ಬಂದವರು ಬರೆದು ಹೋಗುತ್ತಿದ್ದರು. ವಾರದ ಕೊನೆಗೆ ಅವರು ಅದನ್ನು ತಂದು ನನ್ನೆದುರು ತೆರೆದಿಟ್ಟು, ಎರಡು ಕಡೆ ಬೆರಳು ತೋರಿಸಿದರು. ಅಕ್ಷರ ಬೇರೆ ಬೇರೆ, ಜಾಗ ಒಂದೇ: ತೂಬಿಗಿಂತ ಸ್ವಲ್ಪ ಮೊದಲು, ಪಂಪ್‌ಸೆಟ್ ತಂತಿ. ಒಬ್ಬರು ಯುಗಾದಿಯ ಹಿಂದಿನ ವಾರ ಅದರಿಂದ ಒಂದು ಗೇಣು ತಪ್ಪಿಸಿಕೊಂಡಿದ್ದರು. ಇನ್ನೊಬ್ಬರ ಡ್ರೋನ್ ಅದಕ್ಕೂ ಮೊದಲು ತಂತಿಗೆ ತಾಗಿ, ಓಲಾಡಿ, ಹೇಗೋ ಸರಿಹೋಗಿತ್ತು. ಇಬ್ಬರೂ ಯಾರಿಗೂ ಹೇಳಿರಲಿಲ್ಲ. ಎರಡನೆಯವರು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: "ಮದುವೆ ಆರ್ಡರ್ ತಪ್ಪುತ್ತದೆಂದು ಸುಮ್ಮನಿದ್ದೆ."

ನಾನು ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತೆ. ನಮ್ಮ ಗುಂಪಿಗೆ ಆ ತಂತಿ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಆ ಎರಡು ಸಾಲುಗಳಲ್ಲಿ ಒಂದನ್ನು ಯಾರಾದರೂ ಬಾಯಿ ಬಿಟ್ಟು ಹೇಳಿದ್ದರೆ ಟವೆಲು ಹಾಸಿ ಕೂತಿದ್ದ ಆ ಮನುಷ್ಯನ ಪಕ್ಕ ಏನೂ ಬೀಳುತ್ತಿರಲಿಲ್ಲ. ಹೇಳದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಹೇಳಬಹುದಾದ ಒಂದು ಸಂಜೆಯನ್ನಾದರೂ ನಾವು ಇಟ್ಟುಕೊಂಡಿದ್ದೆವೇ? ನಾವು ಒಟ್ಟಿಗೆ ಸೇರುತ್ತಿದ್ದದ್ದು ಕರೆ ಬಂದಾಗ ಮಾತ್ರ, ದಂಡೆಯ ಮೇಲೆ, ಅವಸರದಲ್ಲಿ. ಯಾವ ಭಾಗವೂ ಕೆಟ್ಟಿಲ್ಲ, ಏನು ರಿಪೇರಿ ಎಂದು ಕೇಳಿದ್ದ ಸರ್ವೇಯರಿಗೆ ಆ ಪುಟ ತೋರಿಸಿದೆ. ಅವರು ಓದಿ, ಪುಸ್ತಕ ಮುಚ್ಚಿ, ತಮ್ಮ ನಕ್ಷೆಯಲ್ಲಿ ಆ ತಂತಿಗೆ ಹಾಕಿದ್ದ ಗುರುತನ್ನು ಕೆಂಪು ಶಾಯಿಯಲ್ಲಿ ಮತ್ತೊಮ್ಮೆ ತಿದ್ದಿದರು. ಮೊದಲನೆಯ ಬರಹ ಅವರದೇ ಇರಬಹುದು ಎಂದು ನನಗೊಂದು ಅನುಮಾನ, ಕೇಳುವುದು ಒಪ್ಪಂದಕ್ಕೆ ವಿರುದ್ಧ.

ಮೊನ್ನೆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದೇ ತೂಬಿನ ಬಳಿ ಅಭ್ಯಾಸಕ್ಕೆಂದು ಸೇರಿದೆವು. ಮೊದಲು ನಾನೇ ಹಾರಿಸುವುದೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದೆ, ಹಿರಿಯನಲ್ಲವೇ. ಮೇಡಂಗೆ ಫೋನ್ ಮಾಡಿದೆ. ಅವರು ದೇವರ ಮನೆಯಿಂದ ಎದ್ದು ಬಂದಿದ್ದರೆಂದು ಕಾಣುತ್ತದೆ, ಹಿಂದೆ ಗಂಟೆಯ ಸದ್ದು ಕೇಳುತ್ತಿತ್ತು. ಬ್ಯಾಟರಿ ಯಾವುದು, ಗಾಜಿನ ಮೇಲಿಟ್ಟು ನೋಡಿದ್ದೀರಾ ಎಂದರು. ನೋಡಿದ್ದೇನೆ ಎಂದೆ. ಗಾಳಿ ಹೇಗಿದೆ, ತಂತಿ ನೋಡಲು ಯಾರು ನಿಂತಿದ್ದಾರೆ, ದಂಡೆಯ ಮೇಲೆ ಜನ ಇದ್ದಾರಾ ಎಂದರು. ಎಲ್ಲಕ್ಕೂ ಉತ್ತರ ಸಿದ್ಧವಿತ್ತು.

"ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?"

"ಆರು ಗಂಟೆ ಮೇಡಂ."

ಫೋನಿನಲ್ಲಿ ಸ್ವಲ್ಪ ಹೊತ್ತು ಗಂಟೆಯ ಸದ್ದು ಮಾತ್ರ ಇತ್ತು.

"ಎಷ್ಟು ಹೊತ್ತು ಅಂದ್ರಿ?"

"ನಾಲ್ಕು" ಎಂದೆ.

"ಇವತ್ತು ಆ ಮದ್ದೂರಿನ ಹುಡುಗ ಹಾರ್ಸ್ಲಿ. ನೀವು ತಂತಿ ನೋಡ್ತಾ ನಿಂತ್ಕೊಳ್ಳಿ ಸಾರ್" ಎಂದು ಹೇಳಿ ಅವರು ಪೂಜೆಗೆ ಹೋದರು.

ಹುಡುಗ ರಿಮೋಟ್ ತೆಗೆದುಕೊಂಡ. ನಾನು ದಂಡೆಯ ಮೇಲೆ ಐವತ್ತು ಹೆಜ್ಜೆ ಮುಂದೆ ಹೋಗಿ, ಆ ದಿನ ಟವೆಲು ಹಾಸಿದ್ದ ಜಾಗಕ್ಕೆ ಹತ್ತಿರದಲ್ಲಿ, ಕುತ್ತಿಗೆ ಮೇಲೆತ್ತಿ ನಿಂತೆ. ಬೆಳಗಿನ ಬೂದು ಬಣ್ಣದ ಆಕಾಶದಲ್ಲಿ ಎರಡೂ ಕಡೆಯ ಕಂಬಗಳು ಕಂಡವು, ನಡುವಿನ ತಂತಿ ಕಾಣಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಆಮೇಲೆ ನಾಲೆಯ ನಟ್ಟನಡುವೆ, ಏನೂ ಇಲ್ಲದ ಗಾಳಿಯಲ್ಲಿ ಕೂತಂತೆ ಎರಡು ಕಾಜಾಣಗಳು ಕಂಡವು. ಕೈ ಎತ್ತಿ, ಅಲ್ಲೇ ನಿಲ್ಲಿಸು ಎಂದು ಹುಡುಗನಿಗೆ ಸನ್ನೆ ಮಾಡಿದೆ. ನಿಲ್ಲಿಸಿದ.